ಸೆರೊಟೋನಿನ್ ತಡೆಯುವ ಮಾತ್ರೆ ಅಲ್ಜೈಮರ್‌ಗೆ ಏಕೆ? ಮ್ಯಾಸುಪಿರ್ಡಿನ್ ಪ್ರಯೋಗದ ಒಳಹೊರಗು

ಖಿನ್ನತೆಗೆ ವೈದ್ಯರು ಬರೆದುಕೊಡುವ ಬಹುಪಾಲು ಮಾತ್ರೆಗಳು ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ ಎಂಬುದು ಈಗ ಸಾಮಾನ್ಯ ಓದುಗರಿಗೂ ಗೊತ್ತಿರುವ ಸಂಗತಿ. ಹಾಗಿರುವಾಗ, ಅದೇ ಸೆರೊಟೋನಿನ್‌ನ ಕೆಲಸಕ್ಕೆ ಅಡ್ಡ ನಿಲ್ಲುವ ಮ್ಯಾಸುಪಿರ್ಡಿನ್ ಎಂಬ ಔಷಧವನ್ನು ಹೈದರಾಬಾದಿನ ಸುವೆನ್ ಲೈಫ್ ಸೈನ್ಸಸ್ ಕಂಪನಿ ಅಲ್ಜೈಮರ್ ರೋಗಿಗಳಿಗಾಗಿ ಮೂರನೆಯ ಹಂತದ ಪ್ರಯೋಗದವರೆಗೆ ತಂದಿದೆ ಎಂಬ ಸುದ್ದಿ ಗೊಂದಲ ಹುಟ್ಟಿಸುವುದು ಸಹಜ. ಗೊಂದಲ ಅಲ್ಲಿಗೇ ನಿಲ್ಲುವುದಿಲ್ಲ. 2019ರ ನವೆಂಬರಿನಲ್ಲಿ ಇದೇ ಔಷಧ ಎರಡನೆಯ ಹಂತದಲ್ಲಿ ಗುರಿ ಮುಟ್ಟಲಿಲ್ಲವೆಂದು ವರದಿಯಾಗಿತ್ತು. ಸೋತ ಔಷಧ ಮುಂದಿನ ಹಂತಕ್ಕೆ ಬಡ್ತಿ ಪಡೆದದ್ದು ಹೇಗೆ?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಔಷಧಶಾಸ್ತ್ರಕ್ಕೆ ಸೇರಿದ್ದು, ಅದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಎರಡನೆಯದು ಪುರಾವೆಯನ್ನು ತೂಗುವ ಬಗೆಗೆ ಸೇರಿದ್ದು. ನಿಜವಾದ ವಿವಾದ ಇರುವುದು ಅಲ್ಲಿ.

ಒಂದು ರಾಸಾಯನಿಕ, ಹದಿನಾಲ್ಕು ರಿಸೆಪ್ಟರ್‌ಗಳು

ಸೆರೊಟೋನಿನ್ ಎಂದೊಡನೆ ‘ಸಂತೋಷದ ರಾಸಾಯನಿಕ’ ಎನ್ನುವ ರೂಢಿ ಬೆಳೆದಿದೆ. ಇದರಷ್ಟು ದಾರಿ ತಪ್ಪಿಸುವ ವಿವರಣೆ ಮತ್ತೊಂದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು 1948ರಲ್ಲಿ ಇದನ್ನು ಬೇರ್ಪಡಿಸಿದ್ದು ರಕ್ತದ ಸೀರಮ್‌ನಿಂದ. ಅವರು ಹುಡುಕುತ್ತಿದ್ದುದು ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು. ಅದಕ್ಕೂ ಮೊದಲು ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಇದೇ ವಸ್ತುವನ್ನು ಕರುಳಿನಲ್ಲಿ ಗುರುತಿಸಿ ಬೇರೆ ಹೆಸರಿಟ್ಟಿದ್ದರು. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಇಂದಿಗೂ ಇರುವುದು ಕರುಳಿನಲ್ಲೇ. ಮಿದುಳಿನ ಪಾಲು ಅತ್ಯಲ್ಪ.

ಇದು ಜೀವಕೋಶದ ಮೇಲೆ ಕೆಲಸ ಮಾಡುವುದು ರಿಸೆಪ್ಟರ್ ಎಂಬ ಪ್ರೋಟೀನ್‌ಗಳ ಮೂಲಕ. ಸೆರೊಟೋನಿನ್‌ಗೆ ಏಳು ಕುಟುಂಬಗಳಿಗೆ ಸೇರಿದ ಹದಿನಾಲ್ಕು ಬಗೆಯ ರಿಸೆಪ್ಟರ್‌ಗಳಿವೆ. ಅಣು ಒಂದೇ ಆದರೂ ಅದು ಯಾವ ರಿಸೆಪ್ಟರ್‌ಗೆ ಅಂಟಿಕೊಂಡಿತು, ಆ ರಿಸೆಪ್ಟರ್ ಯಾವ ಅಂಗದ ಯಾವ ಕೋಶದ ಮೇಲಿತ್ತು ಎಂಬುದರ ಮೇಲೆ ಪರಿಣಾಮ ಪೂರ್ತಿ ಬದಲಾಗುತ್ತದೆ. ಆದ್ದರಿಂದ ‘ಸೆರೊಟೋನಿನ್ ತಡೆಯುವ ಔಷಧ’ ಎಂದರೆ ದೇಹದ ಸೆರೊಟೋನಿನ್ ಅನ್ನು ಕಡಿಮೆ ಮಾಡುವ ಔಷಧವೆಂದು ಅರ್ಥವಲ್ಲ. ಹದಿನಾಲ್ಕರಲ್ಲಿ ಒಂದೋ ಎರಡೋ ರಿಸೆಪ್ಟರ್‌ಗಳಿಗೆ ಅದು ತಾಗದಂತೆ ಮಾಡುವ ಔಷಧವೆಂದು ಅರ್ಥ.

ಇಂಥ ಔಷಧಗಳು ಹೊಸವೂ ಅಲ್ಲ. ಮಗುವಿಗೆ ವಾಂತಿ ನಿಲ್ಲದಿದ್ದಾಗ ವೈದ್ಯರು ಕೊಡುವ ಒಂಡಾನ್‌ಸೆಟ್ರಾನ್ ಸಿರಪ್ ಸೆರೊಟೋನಿನ್‌ನ ಮೂರನೆಯ ಬಗೆಯ ರಿಸೆಪ್ಟರನ್ನು ತಡೆಯುತ್ತದೆ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುವವರ ಬವಣೆಯನ್ನು ಎಷ್ಟೋ ತಗ್ಗಿಸಿತು. ಅದೇ ರಿಸೆಪ್ಟರನ್ನು ತಡೆಯುವ ಅಲೋಸೆಟ್ರಾನ್ ಎಂಬ ಕರುಳಿನ ಔಷಧ ಮಾತ್ರ 2000ದ ಫೆಬ್ರುವರಿಯಲ್ಲಿ ಒಪ್ಪಿಗೆ ಪಡೆದು, ಕೆಲವರ ದೊಡ್ಡ ಕರುಳಿಗೆ ರಕ್ತ ಸಂಚಾರ ಕಡಿಮೆಯಾಗಿ ತೀವ್ರ ತೊಂದರೆ ಕಾಣಿಸಿಕೊಂಡದ್ದರಿಂದ ಅದೇ ವರ್ಷದ ನವೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. 2002ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಡನೆ ಮರಳಿತು. ಒಂದೇ ರಿಸೆಪ್ಟರನ್ನು ತಡೆಯುವ ಎರಡು ಔಷಧಗಳ ಗತಿಯೇ ಇಷ್ಟು ಭಿನ್ನವಾಗಿರುವಾಗ, ‘ಸೆರೊಟೋನಿನ್ ತಡೆ’ ಎಂಬ ಹಣೆಪಟ್ಟಿಯೊಂದರಿಂದಲೇ ಔಷಧದ ಗುಣದೋಷ ಅಳೆಯಲಾಗದು.

ಆರನೆಯ ಬಗೆಯ ರಿಸೆಪ್ಟರ್‌ನ ಆಕರ್ಷಣೆ

ಮ್ಯಾಸುಪಿರ್ಡಿನ್ ತಡೆಯುವುದು 5-ಎಚ್‌ಟಿ6 ಎಂಬ ರಿಸೆಪ್ಟರನ್ನು (5-ಎಚ್‌ಟಿ ಎಂಬುದು ಸೆರೊಟೋನಿನ್‌ನ ರಾಸಾಯನಿಕ ಹೆಸರಿನ ಕಿರುರೂಪ). 1993ರಲ್ಲಿ ಗುರುತಿಸಲಾದ ಇದು ಬಹುಮಟ್ಟಿಗೆ ಮಿದುಳಿನಲ್ಲೇ ಇದೆ, ಅದರಲ್ಲೂ ನೆನಪು, ಕಲಿಕೆ, ಚಲನೆ ಮತ್ತು ಪ್ರೇರಣೆಗೆ ಸಂಬಂಧಪಟ್ಟ ಭಾಗಗಳಲ್ಲಿ. ಕರುಳು, ಹೃದಯ, ರಕ್ತನಾಳಗಳಲ್ಲಿ ಹೆಚ್ಚಾಗಿ ಇಲ್ಲದ ರಿಸೆಪ್ಟರನ್ನು ತಡೆದರೆ ಅಡ್ಡಪರಿಣಾಮ ಕಡಿಮೆಯಾದೀತು ಎಂಬುದೇ ಔಷಧ ತಯಾರಕರನ್ನು ಸೆಳೆದ ಮೊದಲ ಅಂಶ.

ಎರಡನೆಯ ಅಂಶ ಸ್ವಲ್ಪ ಸೂಕ್ಷ್ಮವಾದದ್ದು. ಈ ರಿಸೆಪ್ಟರ್‌ಗಳಲ್ಲಿ ಹಲವು ಗಾಬಾ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಮೇಲಿವೆ. ಗಾಬಾದ ಕೆಲಸ ಉಳಿದ ನರಕೋಶಗಳ ಚಟುವಟಿಕೆಗೆ ಲಗಾಮು ಹಾಕುವುದು. ಸೆರೊಟೋನಿನ್ 5-ಎಚ್‌ಟಿ6 ಮೂಲಕ ಆ ಕೋಶಗಳನ್ನು ಉತ್ತೇಜಿಸಿದಾಗ ಲಗಾಮು ಬಿಗಿಯಾಗುತ್ತದೆ, ರಿಸೆಪ್ಟರನ್ನು ತಡೆದಾಗ ಸಡಿಲವಾಗುತ್ತದೆ. ಆಗ ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್, ಗ್ಲುಟಮೇಟ್ ಮೊದಲಾದ ರಾಸಾಯನಿಕಗಳ ಬಿಡುಗಡೆ ಹೆಚ್ಚುತ್ತದೆ; ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ. ಅಲ್ಜೈಮರ್ ರೋಗದಲ್ಲಿ ಅಸಿಟೈಲ್‌ಕೋಲಿನ್ ಕುಗ್ಗುತ್ತದೆ. ಅದು ಬೇಗ ಒಡೆದುಹೋಗದಂತೆ ತಡೆಯುವ ಡೊನೆಪೆಜಿಲ್ ಮಾತ್ರೆಯನ್ನು ವೈದ್ಯರು ಈಗಾಗಲೇ ಕೊಡುತ್ತಾರೆ. ಇರುವ ಅಸಿಟೈಲ್‌ಕೋಲಿನ್ ಅನ್ನು ಒಂದು ಔಷಧ ಕಾಪಾಡುವುದು, ಇನ್ನೊಂದು ಅದರ ಬಿಡುಗಡೆಯನ್ನೇ ಹೆಚ್ಚಿಸುವುದು: ಎರಡನ್ನೂ ಜೊತೆಗೂಡಿಸಿದರೆ ನೆನಪಿನ ಶಕ್ತಿ ಸುಧಾರಿಸಬಹುದೆಂಬ ತರ್ಕ ಹುಟ್ಟಿದ್ದು ಹೀಗೆ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ತರ್ಕವೇ ಆಗಿತ್ತು.

ಸೋಲುಗಳ ಸಾಲು

ಇದೇ 5-ಎಚ್‌ಟಿ6 ರಿಸೆಪ್ಟರನ್ನು ತಡೆಯುವ, ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿಯ ಇಡಾಲೊಪಿರ್ಡಿನ್ 278 ರೋಗಿಗಳ ಎರಡನೆಯ ಹಂತದ ಪ್ರಯೋಗದಲ್ಲಿ ಡೊನೆಪೆಜಿಲ್ ಜೊತೆ ಸೇರಿ ನೆನಪು ಮತ್ತು ಗ್ರಹಿಕೆಯ ಅಂಕಗಳನ್ನು ಸುಧಾರಿಸಿತೆಂದು 2014ರಲ್ಲಿ ಪ್ರಕಟವಾದಾಗ ಈ ವಲಯದಲ್ಲಿ ಭಾರಿ ಉತ್ಸಾಹ ಮೂಡಿತು. ಅದರ ಬೆನ್ನಲ್ಲೇ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಒಟ್ಟು 2,525 ರೋಗಿಗಳಿದ್ದರು. ಮೂರರಲ್ಲೂ ಔಷಧಕ್ಕೂ, ಹೋಲಿಕೆಗೆಂದು ಕೊಡುವ ಔಷಧವಿಲ್ಲದ ಹುಸಿಮಾತ್ರೆಗೂ ನೆನಪಿನ ವಿಷಯದಲ್ಲಿ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ.

ಇದೇ ಬಗೆಯ ಮತ್ತೊಂದು ಔಷಧ ಇಂಟೆಪಿರ್ಡಿನ್‌ನ ಕತೆ ಇನ್ನೂ ನಾಟಕೀಯ. ಗ್ಲಾಕ್ಸೊಸ್ಮಿತ್‌ಕ್ಲೈನ್ ಕೈಬಿಟ್ಟಿದ್ದ ಇದನ್ನು ವಿವೇಕ್ ರಾಮಸ್ವಾಮಿ ಸ್ಥಾಪಿಸಿದ ಆಕ್ಸೊವಾಂಟ್ 2014ರಲ್ಲಿ 50 ಲಕ್ಷ ಡಾಲರ್ ಮುಂಗಡಕ್ಕೆ ಕೊಂಡಿತು. ಮರುವರ್ಷ ಷೇರುಪೇಟೆಯಿಂದ 31.5 ಕೋಟಿ ಡಾಲರ್ ಎತ್ತಿತು. 2017ರ ಸೆಪ್ಟೆಂಬರಿನಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ರೋಗಿಗಳ ಪ್ರಯೋಗ ವಿಫಲವಾದಾಗ ಒಂದೇ ದಿನದಲ್ಲಿ ಷೇರು ತನ್ನ ಬೆಲೆಯ ಬಹುಪಾಲನ್ನು ಕಳೆದುಕೊಂಡಿತು.

ಸುವೆನ್ ತನ್ನ ಔಷಧವನ್ನು ಪರೀಕ್ಷಿಸುತ್ತಿದ್ದುದು ಈ ಹಿನ್ನೆಲೆಯಲ್ಲೇ. ಅಮೆರಿಕದಲ್ಲಿ ನಡೆದ ಅದರ ಎರಡನೆಯ ಹಂತದ ಪ್ರಯೋಗಕ್ಕೆ ಮಧ್ಯಮ ಹಂತದ ಅಲ್ಜೈಮರ್ ಇರುವ 564 ರೋಗಿಗಳನ್ನು ಸೇರಿಸಿಕೊಳ್ಳಲಾಗಿತ್ತು. ಎಲ್ಲರೂ ಡೊನೆಪೆಜಿಲ್ ಮತ್ತು ಅಲ್ಜೈಮರ್‌ಗೆ ಕೊಡುವ ಇನ್ನೊಂದು ಮಾತ್ರೆ ಮೆಮಾಂಟಿನ್ ಎರಡನ್ನೂ ಮೊದಲೇ ಸೇವಿಸುತ್ತಿದ್ದವರು. ಅದರ ಮೇಲೆ ಕೆಲವರಿಗೆ 50 ಮಿಲಿಗ್ರಾಂ, ಕೆಲವರಿಗೆ 100 ಮಿಲಿಗ್ರಾಂ ಮ್ಯಾಸುಪಿರ್ಡಿನ್, ಉಳಿದವರಿಗೆ ಹುಸಿಮಾತ್ರೆ. 26 ವಾರಗಳ ಬಳಿಕ ನೆನಪು ಮತ್ತು ಗ್ರಹಿಕೆಯ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಮುಖ್ಯ ಅಳತೆಯೆಂದು ಮೊದಲೇ ಘೋಷಿಸಿದ್ದೂ ಅದನ್ನೇ. ಆದ್ದರಿಂದ ಪ್ರಯೋಗ ವಿಫಲವಾಯಿತು.

ವಿಫಲ ಪ್ರಯೋಗದೊಳಗಿನ ಸುಳಿವು

ಪ್ರಯೋಗದಲ್ಲಿ ನೆನಪಿನ ಜೊತೆಗೆ ರೋಗಿಗಳ ನಡವಳಿಕೆಯನ್ನೂ ಅಳೆಯಲಾಗಿತ್ತು. ಅಂಕಿಅಂಶಗಳನ್ನು ಮತ್ತೆ ಕೆದಕಿದಾಗ, ಆರಂಭದಲ್ಲೇ ಕೆರಳುವ ಸ್ವಭಾವ ಮತ್ತು ಆಕ್ರಮಣಶೀಲತೆ ಇದ್ದ ರೋಗಿಗಳ ಗುಂಪಿನಲ್ಲಿ ಮ್ಯಾಸುಪಿರ್ಡಿನ್ ಪಡೆದವರು ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚು ಶಾಂತರಾಗಿದ್ದುದು ಕಂಡುಬಂತು. ಇದನ್ನೇ ಹಿಡಿದು ಕಂಪನಿ ಹೊಸ ಪ್ರಯೋಗವನ್ನು ರೂಪಿಸಿತು. ಈ ಸಲದ ಗುರಿ ಅಲ್ಜೈಮರ್ ರೋಗಿಗಳ ಕೆರಳುವಿಕೆ, ನೆನಪಲ್ಲ.

ಸುಳಿವು ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು ಸಂಖ್ಯಾಶಾಸ್ತ್ರದ ಒಂದು ಸರಳ ಸತ್ಯವನ್ನು ನೆನಪಿಡಬೇಕು. ಔಷಧಕ್ಕೆ ಪರಿಣಾಮವೇ ಇಲ್ಲದಿದ್ದರೂ ಅಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ‘ಗಮನಾರ್ಹ’ ಎಂದು ಒಪ್ಪುತ್ತಾರೆ. ಆದರೆ ಏನೂ ಪರಿಣಾಮವಿಲ್ಲದ ಔಷಧವನ್ನೇ ಇಪ್ಪತ್ತು ಬೇರೆ ಬೇರೆ ಅಳತೆಗಳಿಂದ ತೂಗಿದರೆ, ಸರಾಸರಿ ಒಂದು ಅಳತೆಯಲ್ಲಾದರೂ ಅದು ಕೆಲಸ ಮಾಡಿದಂತೆ ತೋರುತ್ತದೆ. ಯಾವ ಅಳತೆಯನ್ನು ನಂಬುತ್ತೇವೆಂದು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕೆಂಬ ನಿಯಮ ಇರುವುದು ಈ ಕಾರಣಕ್ಕೆ. ಗುಂಪನ್ನು ಆಮೇಲೆ ಒಡೆದು ನೋಡಿದರೆ ಅಳತೆಗಳ ಸಂಖ್ಯೆ ಸದ್ದಿಲ್ಲದೆ ಬೆಳೆಯುತ್ತದೆ, ಸುಳ್ಳು ಸುಳಿವು ಸಿಗುವ ಸಂಭವವೂ ಅದರ ಜೊತೆಗೇ ಬೆಳೆಯುತ್ತದೆ.

ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಲ್ಲವನ್ನೂ ಬಿತ್ತುವ ರೈತನಿಗೆ ಈ ಇಕ್ಕಟ್ಟು ಅರ್ಥವಾದೀತು. ರಾಗಿ ಕೈಕೊಟ್ಟ ವರ್ಷ ಅವರೆಯ ಸಾಲು ಚೆನ್ನಾಗಿ ಕಾಯಿ ಹಿಡಿದರೆ, ಅದು ಮಣ್ಣು ಅವರೆಗೆ ಒಗ್ಗುತ್ತದೆಂಬುದರ ಗುರುತೂ ಇರಬಹುದು, ಆ ಒಂದು ವರ್ಷದ ಮಳೆಯ ಕೃಪೆಯೂ ಇರಬಹುದು. ತಿಳಿಯಬೇಕಾದರೆ ಮುಂದಿನ ವರ್ಷ ಹೊಲದ ತುಂಬ ಅವರೆಯನ್ನೇ ಬಿತ್ತಿ ನೋಡಬೇಕು. ಸುವೆನ್ ಈಗ ಮಾಡುತ್ತಿರುವುದು ಇದನ್ನೇ. ಅಮೆರಿಕ ಮತ್ತು ಯೂರೋಪಿನಲ್ಲಿ ಸುಮಾರು 375 ರೋಗಿಗಳನ್ನು ಸೇರಿಸಿಕೊಳ್ಳುವಂತೆ ಯೋಜಿಸಿದ, 12 ವಾರಗಳ ಚಿಕಿತ್ಸೆಯ ಈ ಪ್ರಯೋಗದಲ್ಲಿ ಕೆರಳುವಿಕೆಯೇ ಮುಖ್ಯ ಅಳತೆ. ಈ ದೃಷ್ಟಿಯಿಂದ ‘ಸೋತ ಔಷಧಕ್ಕೆ ಬಡ್ತಿ’ ಎಂಬ ಟೀಕೆ ಪೂರ್ತಿ ನ್ಯಾಯವಲ್ಲ. ಹಳೆಯ ಅಂಕಿಅಂಶಗಳನ್ನೇ ಹಿಡಿದು ಒಪ್ಪಿಗೆ ಕೇಳಿದ್ದರೆ ಅದು ಆಕ್ಷೇಪಾರ್ಹವಾಗುತ್ತಿತ್ತು. ಹೊಸ ಪರೀಕ್ಷೆಗೆ ಒಡ್ಡಿಕೊಳ್ಳುವುದು ಸರಿಯಾದ ದಾರಿ.

ಕೆರಳುವಿಕೆಗೆ ಔಷಧ ಬೇಕಾಗಿರುವುದೇಕೆ

ಅರಳುಮರಳು (ಡಿಮೆನ್ಷಿಯಾ; ಅಲ್ಜೈಮರ್ ಅದರ ಒಂದು ಬಗೆ) ಎಂದರೆ ಮರೆವು ಮಾತ್ರ ಎಂದು ದೂರದಿಂದ ನೋಡುವವರು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಆರೈಕೆ ಮಾಡುವವರನ್ನು ಹಣ್ಣುಗಾಯಿ ಮಾಡುವುದು ಹೆಚ್ಚಾಗಿ ಮರೆವಲ್ಲ, ನಡವಳಿಕೆ. ಸಂಜೆಯಾಗುತ್ತಲೇ ತನ್ನದೇ ಮನೆಯಲ್ಲಿ ಕುಳಿತು ‘ನಮ್ಮ ಮನೆಗೆ ಹೋಗಬೇಕು’ ಎಂದು ಬಾಗಿಲ ಚಿಲಕ ಎಳೆಯುವುದು, ಸ್ನಾನಕ್ಕೆ ಕರೆದರೆ ಕೈ ಎತ್ತುವುದು, ಹಣದ ಪರ್ಸನ್ನು ಹಾಸಿಗೆಯಡಿ ಬಚ್ಚಿಟ್ಟು ಸೊಸೆ ಕದ್ದಳೆಂದು ಕೂಗಾಡುವುದು, ರಾತ್ರಿಯಿಡೀ ಹಜಾರದಲ್ಲಿ ಅತ್ತಿಂದಿತ್ತ ನಡೆಯುವುದು. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಬಹುತೇಕರನ್ನು ನೋಡಿಕೊಳ್ಳುತ್ತಿರುವುದು ಮನೆಯವರು, ಅದರಲ್ಲೂ ಹೆಂಗಸರು.

ಇಂಥ ಸ್ಥಿತಿಯಲ್ಲಿ ವೈದ್ಯರ ಕೈಯಲ್ಲಿರುವ ಅಸ್ತ್ರಗಳು ಎರಡಲಗಿನವು. ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂಥ ಮನೋವಿಕಾರದ ಔಷಧಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದು ರೂಢಿ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹದಿನೇಳು ಪ್ರಯೋಗಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇಂಥ ಔಷಧಗಳು ಸಾವಿನ ಅಪಾಯವನ್ನು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆಂದು ತಿಳಿದುಬಂತು. ಹತ್ತು ವಾರಗಳ ಪ್ರಯೋಗದಲ್ಲಿ ಹುಸಿಮಾತ್ರೆ ಪಡೆದವರಲ್ಲಿ ಸುಮಾರು ಶೇ 2.6 ಮಂದಿ ಸತ್ತಿದ್ದರೆ, ಔಷಧ ಪಡೆದವರಲ್ಲಿ ಸುಮಾರು ಶೇ 4.5. ಅಲ್ಜೈಮರ್ ರೋಗಿಗಳ ಕೆರಳುವಿಕೆಗೆಂದೇ ಎಫ್‌ಡಿಎ ಮೊದಲ ಬಾರಿ ಔಷಧವೊಂದಕ್ಕೆ ಒಪ್ಪಿಗೆ ಕೊಟ್ಟದ್ದು 2023ರ ಮೇ ತಿಂಗಳಲ್ಲಿ, ಬ್ರೆಕ್ಸ್‌ಪಿಪ್ರಜೋಲ್‌ಗೆ. ಅದರ ಪೊಟ್ಟಣದ ಮೇಲೂ ಸಾವಿನ ಅಪಾಯದ ಎಚ್ಚರಿಕೆ ಇದ್ದೇ ಇದೆ.

ಇಲ್ಲಿ ಮತ್ತೊಂದು ವಿಚಿತ್ರವನ್ನು ಗಮನಿಸಬೇಕು. ಸೆರೊಟೋನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆ ಸಿಟಲೊಪ್ರಾಮ್ ಕೂಡ ಈ ಕೆರಳುವಿಕೆಯನ್ನು ತಗ್ಗಿಸುತ್ತದೆಂದು 186 ರೋಗಿಗಳ ಪ್ರಯೋಗವೊಂದು 2014ರಲ್ಲಿ ತೋರಿಸಿತು. ಆದರೆ ಅಲ್ಲಿ ಬಳಸಿದ 30 ಮಿಲಿಗ್ರಾಂ ಪ್ರಮಾಣದಲ್ಲಿ ಹೃದಯದ ವಿದ್ಯುತ್ ಲಯದಲ್ಲಿ ಏರುಪೇರಾಗುವುದೂ ಗ್ರಹಿಕೆಯ ಶಕ್ತಿ ತುಸು ಕುಂದುವುದೂ ಕಂಡುಬಂತು. ಸೆರೊಟೋನಿನ್ ಹೆಚ್ಚಿಸುವ ಮಾತ್ರೆ, ಅದರ ಒಂದು ರಿಸೆಪ್ಟರನ್ನು ತಡೆಯುವ ಮಾತ್ರೆ, ಎರಡೂ ಒಂದೇ ಲಕ್ಷಣಕ್ಕೆ ಮದ್ದಾಗಬಹುದೇ ಎಂದರೆ, ಹದಿನಾಲ್ಕು ರಿಸೆಪ್ಟರ್‌ಗಳ ಲೆಕ್ಕ ನೆನಪಿದ್ದವರಿಗೆ ಅದರಲ್ಲಿ ವಿರೋಧ ಕಾಣಿಸದು. ಕೆರಳುವಿಕೆಯ ಹಿಂದೆ ಮಿದುಳಿನಲ್ಲಿ ನಡೆಯುವುದೇನೆಂಬುದು ಇನ್ನೂ ಪೂರ್ತಿ ಬಿಡಿಸಲಾಗದ ಗಂಟು ಎಂಬುದೂ ಅಷ್ಟೇ ನಿಜ.

ಎರಡು ವಾದಗಳು

ಮ್ಯಾಸುಪಿರ್ಡಿನ್ ಪರ ವಾದಿಸುವವರು ಮುಖ್ಯವಾಗಿ ಅದರ ನಿಖರತೆಯನ್ನು ಮುಂದಿಡುತ್ತಾರೆ. ಇಡಾಲೊಪಿರ್ಡಿನ್ ಮತ್ತು ಇಂಟೆಪಿರ್ಡಿನ್ 5-ಎಚ್‌ಟಿ6 ಜೊತೆಗೆ 5-ಎಚ್‌ಟಿ2ಎ ಎಂಬ ಇನ್ನೊಂದು ರಿಸೆಪ್ಟರಿಗೂ ಸ್ವಲ್ಪಮಟ್ಟಿಗೆ ಅಂಟಿಕೊಳ್ಳುತ್ತಿದ್ದವು. ಮ್ಯಾಸುಪಿರ್ಡಿನ್‌ಗೆ ಆ ರಿಸೆಪ್ಟರಿಗಿಂತ 5-ಎಚ್‌ಟಿ6 ಮೇಲೆ ಸಾವಿರ ಪಟ್ಟಿಗೂ ಹೆಚ್ಚು ಒಲವಿದೆ. ಜೊತೆಗೆ ಹಿಂದಿನ ಪ್ರಯೋಗಗಳಲ್ಲಿ ಔಷಧದ ಪ್ರಮಾಣವೇ ಸಾಲದಾಗಿತ್ತೆಂಬ ಆಕ್ಷೇಪವೂ ಇದೆ: ಇಡಾಲೊಪಿರ್ಡಿನ್ ಎರಡನೆಯ ಹಂತದಲ್ಲಿ ಗೆದ್ದದ್ದು ದಿನಕ್ಕೆ 90 ಮಿಲಿಗ್ರಾಂ ಕೊಟ್ಟಾಗ, ಮೂರನೆಯ ಹಂತದಲ್ಲಿ ಕೊಟ್ಟದ್ದು 10ರಿಂದ 60 ಮಿಲಿಗ್ರಾಂ ಮಾತ್ರ. ಆದ್ದರಿಂದ ಹಳೆಯ ಸೋಲುಗಳ ಹೊರೆಯನ್ನು ಹೊಸ ಔಷಧದ ತಲೆಗೆ ಕಟ್ಟಬಾರದು ಎಂಬುದು ಈ ಪಕ್ಷದ ನಿಲುವು.

ಸಂಶಯ ಪಡುವವರ ಉತ್ತರ ಚಿಕ್ಕದು, ಹರಿತವಾದದ್ದು. ಅಷ್ಟು ನಿಖರವಾದ ಔಷಧವೂ 2019ರಲ್ಲಿ ನೆನಪಿನ ವಿಷಯದಲ್ಲಿ ಸೋತಿತಲ್ಲ? ಆಗ ಸೋತದ್ದು ಬರಿಯ ಔಷಧವೋ, ಅದರ ಹಿಂದಿನ ತರ್ಕವೋ? ನೆನಪಿಗೆಂದು ಹೂಡಿದ ತರ್ಕವನ್ನು ಕೆರಳುವಿಕೆಗೆ ಹೊಂದಿಸಿಕೊಳ್ಳುವುದು ಫಲಿತಾಂಶ ಬಂದ ಮೇಲೆ ಕಾರಣ ಹುಡುಕಿದಂತೆ ಎಂದು ಅವರು ಎತ್ತಿ ತೋರಿಸುತ್ತಾರೆ.

ಈ ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ ಎಂಬುದು ಈ ಲೇಖನದ ಅಭಿಪ್ರಾಯ. ರಿಸೆಪ್ಟರನ್ನು ಎಷ್ಟು ನಿಖರವಾಗಿ ತಡೆದರೂ, ಆ ರಿಸೆಪ್ಟರ್ ರೋಗಲಕ್ಷಣಕ್ಕೆ ಕಾರಣವಲ್ಲದಿದ್ದರೆ ನಿಖರತೆಯಿಂದ ಪ್ರಯೋಜನವಿಲ್ಲ. ಅಡ್ಡಪರಿಣಾಮದ ವಿಷಯದಲ್ಲಿ ಮಾತ್ರ ನಿಖರತೆ ನಿಜವಾದ ಲಾಭ. ರಿಸ್ಪೆರಿಡೋನ್‌ನಂಥ ಔಷಧಗಳು ತಡೆಯುವ, ಡೋಪಮಿನ್ ಎಂಬ ಇನ್ನೊಂದು ಮಿದುಳು ರಾಸಾಯನಿಕದ ರಿಸೆಪ್ಟರ್‌ಗಳನ್ನು ಮುಟ್ಟದ ಔಷಧವೊಂದು ಅರ್ಧದಷ್ಟು ಕೆಲಸ ಮಾಡಿದರೂ, ಬಿಗಿತ, ಮಂಪರು, ಬೀಳುವ ಭಯಗಳಿಲ್ಲದೆ ಕೊಡಲು ಬರುವುದಾದರೆ ವೈದ್ಯರು ಅದನ್ನು ಸ್ವಾಗತಿಸುತ್ತಾರೆ.

ಫಲಿತಾಂಶವನ್ನು ಓದುವಾಗ

ಇಂಥ ಪ್ರಯೋಗಗಳಲ್ಲಿ ಕೆರಳುವಿಕೆಯನ್ನು ಅಳೆಯುವುದು ಕೊಹೆನ್-ಮ್ಯಾನ್ಸ್‌ಫೀಲ್ಡ್ ಪಟ್ಟಿಯಿಂದ. ಹೊಡೆಯುವುದು, ಬೈಯುವುದು, ವಸ್ತುಗಳನ್ನು ಬಚ್ಚಿಡುವುದು, ಕೇಳಿದ್ದನ್ನೇ ಕೇಳುವುದು ಮೊದಲಾದ 29 ನಡವಳಿಕೆಗಳು ಕಳೆದ ಎರಡು ವಾರಗಳಲ್ಲಿ ಎಷ್ಟು ಸಲ ಕಂಡವೆಂದು ಆರೈಕೆ ಮಾಡುವವರನ್ನು ಕೇಳಿ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಹಾಕುತ್ತಾರೆ. ಬ್ರೆಕ್ಸ್‌ಪಿಪ್ರಜೋಲ್‌ಗೆ ಒಪ್ಪಿಗೆ ತಂದುಕೊಟ್ಟ ಪ್ರಯೋಗವೊಂದರಲ್ಲಿ ಔಷಧ ಪಡೆದವರ ಅಂಕ 12 ವಾರಗಳಲ್ಲಿ ಸುಮಾರು 22.6 ಇಳಿಯಿತು. ಹುಸಿಮಾತ್ರೆ ಪಡೆದವರದ್ದು 17.3 ಇಳಿಯಿತು. ವ್ಯತ್ಯಾಸ ಐದು ಅಂಕ ಚಿಲ್ಲರೆ.

ಏನೂ ಇಲ್ಲದ ಮಾತ್ರೆಗೆ ಇಷ್ಟು ಇಳಿಕೆ ಎಲ್ಲಿಂದ? ರೋಗಿಗಳು ಪ್ರಯೋಗಕ್ಕೆ ಸೇರುವುದು ತೊಂದರೆ ಶಿಖರ ಮುಟ್ಟಿದಾಗ, ಅಲ್ಲಿಂದ ತಾನಾಗಿಯೇ ಸ್ವಲ್ಪ ಇಳಿಯುವುದು ಸಹಜ. ಪ್ರಯೋಗದ ಸಿಬ್ಬಂದಿ ವಾರವಾರ ವಿಚಾರಿಸಿಕೊಳ್ಳುವಾಗ ಆರೈಕೆ ಮಾಡುವವರಿಗೂ ಧೈರ್ಯ ಬರುತ್ತದೆ, ಅವರ ತಾಳ್ಮೆ ಹೆಚ್ಚುತ್ತದೆ, ರೋಗಿಯೂ ಶಾಂತನಾಗುತ್ತಾನೆ. ಅಂಕ ಕೊಡುವವರೂ ಅವರೇ. ಇದರ ಪರಿಣಾಮವಾಗಿ ಔಷಧದ ನಿಜವಾದ ಪಾಲು ಮಸುಕಾಗಿ, ಒಳ್ಳೆಯ ಔಷಧವೂ ಸೋಲಬಹುದು. ಆದ್ದರಿಂದ ಮ್ಯಾಸುಪಿರ್ಡಿನ್ ಕುರಿತು ‘ಶೇ ಇಷ್ಟು ಸುಧಾರಣೆ’ ಎಂಬ ತಲೆಬರಹ ಕಂಡರೆ, ಅದು ಆರಂಭದ ಸ್ಥಿತಿಗೆ ಹೋಲಿಸಿ ಹೇಳಿದ್ದೋ, ಹುಸಿಮಾತ್ರೆಗೆ ಹೋಲಿಸಿ ಹೇಳಿದ್ದೋ ಎಂಬುದನ್ನು ಮೊದಲು ನೋಡಬೇಕು. ಸಾವು, ಬೀಳುವಿಕೆ, ಪ್ರಯೋಗವನ್ನು ಅರ್ಧಕ್ಕೆ ಬಿಟ್ಟವರ ಸಂಖ್ಯೆ ಆಮೇಲೆ.

ಪ್ರಯೋಗ ಗೆದ್ದಮಾತ್ರಕ್ಕೆ ಒಪ್ಪಿಗೆ ಖಚಿತವಲ್ಲವೆಂಬುದಕ್ಕೆ ಸೆರೊಟೋನಿನ್ ವಲಯದಲ್ಲೇ ಉದಾಹರಣೆಯಿದೆ. 5-ಎಚ್‌ಟಿ2ಎ ರಿಸೆಪ್ಟರನ್ನು ತಡೆಯುವ ಪಿಮವಾನ್‌ಸೆರಿನ್ ಪಾರ್ಕಿನ್ಸನ್ ರೋಗಿಗಳ ಭ್ರಮೆಗಳಿಗೆಂದು 2016ರಲ್ಲಿ ಒಪ್ಪಿಗೆ ಪಡೆಯಿತು. ಡಿಮೆನ್ಷಿಯಾ ರೋಗಿಗಳ ಭ್ರಮೆಗಳಿಗೂ ಅದನ್ನು ಪರೀಕ್ಷಿಸಿದಾಗ ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆದರೂ 2021ರಲ್ಲಿ ಎಫ್‌ಡಿಎ ಅರ್ಜಿಯನ್ನು ತಿರಸ್ಕರಿಸಿತು. ಒಟ್ಟಾರೆ ಲಾಭದಲ್ಲಿ ಅಲ್ಜೈಮರ್ ರೋಗಿಗಳ ಪಾಲನ್ನು ಬೇರೆಯಾಗಿ ನೋಡಿದರೆ ಪುರಾವೆ ಸಾಲದೆಂಬುದು ಅದರ ಆಕ್ಷೇಪ. ಮರುವರ್ಷ ಅಲ್ಜೈಮರ್‌ಗೆ ಮಾತ್ರ ಸೀಮಿತಗೊಳಿಸಿ ಮತ್ತೆ ಅರ್ಜಿ ಹಾಕಿದಾಗ ಸಲಹಾ ಸಮಿತಿ 9-3 ಮತಗಳಿಂದ ವಿರೋಧಿಸಿತು, ಎಫ್‌ಡಿಎ ಮತ್ತೆ ನಿರಾಕರಿಸಿತು.

ಷೇರುದಾರರು ಮತ್ತು ಇಲ್ಲಿನ ರೋಗಿಗಳು

ಸುವೆನ್‌ನ ಗುತ್ತಿಗೆ ಉತ್ಪಾದನೆಯ ಲಾಭದಾಯಕ ವ್ಯವಹಾರ 2020ರಲ್ಲಿ ಬೇರೆ ಕಂಪನಿಯಾಗಿ ಬೇರ್ಪಟ್ಟಿದೆ. ಸಂಶೋಧನೆಯನ್ನೇ ನೆಚ್ಚಿಕೊಂಡ ಉಳಿದ ಕಂಪನಿಗೆ ಮಾರಾಟದ ಆದಾಯ ಅಷ್ಟಕ್ಕಷ್ಟೆ; ಷೇರುದಾರರಿಂದ ಎತ್ತಿದ ಹಣದಲ್ಲಿ ಪ್ರಯೋಗಗಳು ನಡೆಯುತ್ತಿವೆ. ನಿದ್ರಾವಿಕಾರ ಮತ್ತು ಖಿನ್ನತೆಗೆ ಸಂಬಂಧಿಸಿದ ಬೇರೆ ಔಷಧಗಳೂ ಅದರ ಬಳಿ ಇರುವುದರಿಂದ ಒಂದೇ ಪ್ರಯೋಗದ ಮೇಲೆ ಎಲ್ಲವೂ ನಿಂತಿಲ್ಲ. ಆದರೂ ಆಕ್ಸೊವಾಂಟ್ ಷೇರಿಗಾದ ಗತಿ ಇಂಥ ಕಂಪನಿಗಳಲ್ಲಿ ಹಣ ಹೂಡುವವರಿಗೆ ತಿಳಿದಿರಬೇಕಾದ ಪೂರ್ವಚರಿತ್ರೆ.

ರೋಗಿಗಳ ಮಟ್ಟಿಗೆ ಪ್ರಶ್ನೆಯೇ ಬೇರೆ. ಔಷಧ ಹುಟ್ಟಿದ್ದು ಹೈದರಾಬಾದಿನಲ್ಲಾದರೂ ಅದನ್ನು ಪರೀಕ್ಷಿಸಿದ್ದು ಅಮೆರಿಕ, ಯೂರೋಪಿನ ರೋಗಿಗಳ ಮೇಲೆ. ದೊಡ್ಡ ಮಾರುಕಟ್ಟೆಯೂ ನಿಯಂತ್ರಕರ ಒಪ್ಪಿಗೆಯೂ ಅಲ್ಲಿರುವುದರಿಂದ ಕಂಪನಿಗೆ ಇದು ಅನಿವಾರ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ವ್ಯಾಪಕವಾಗಿರುವ ನಮ್ಮಲ್ಲಿ ಮಿದುಳಿನ ರಕ್ತನಾಳಗಳ ತೊಂದರೆಯೂ ಅಲ್ಜೈಮರ್ ರೋಗವೂ ಬೆರೆತ ಡಿಮೆನ್ಷಿಯಾ ಅಪರೂಪವಲ್ಲ. ಒಂದು ಬಗೆಯ ಡಿಮೆನ್ಷಿಯಾದಲ್ಲಿ ಕಂಡ ಲಾಭ ಇನ್ನೊಂದಕ್ಕೆ ತಾನಾಗಿ ಅನ್ವಯಿಸದೆಂದು ಪಿಮವಾನ್‌ಸೆರಿನ್ ಪ್ರಕರಣ ತೋರಿಸಿದೆ. ನಮ್ಮವರ ಮಿದುಳು ಹೇಗೆ ವಯಸ್ಸಾಗುತ್ತದೆಂಬ ದೀರ್ಘಕಾಲದ ಅಧ್ಯಯನಗಳು, ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಸುತ್ತಿರುವಂಥವು, ಇನ್ನೂ ಮುಂದುವರಿಯುತ್ತಿವೆ.

ವಿದೇಶದಲ್ಲಿ ಒಪ್ಪಿಗೆ ಸಿಕ್ಕರೂ ಇಲ್ಲಿ ಮಾರಾಟಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಯೂರೋಪಿಯನ್ ಒಕ್ಕೂಟಗಳಲ್ಲಿ ಒಪ್ಪಿಗೆ ಪಡೆದ ಕೆಲವು ವರ್ಗದ ಔಷಧಗಳಿಗೆ ಭಾರತದಲ್ಲಿ ಮತ್ತೆ ಪ್ರಯೋಗ ನಡೆಸುವ ಷರತ್ತಿನಿಂದ ವಿನಾಯಿತಿ ಕೊಡಲು 2024ರ ಆಗಸ್ಟ್‌ನಲ್ಲಿ ಸರ್ಕಾರ ಅವಕಾಶ ಮಾಡಿದೆ. ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ಉತ್ತಮವಾದ ಹೊಸ ಔಷಧ ಆ ವರ್ಗಗಳಲ್ಲೊಂದು. ಮ್ಯಾಸುಪಿರ್ಡಿನ್ ಆ ಮಟ್ಟ ಮುಟ್ಟಿತೆಂದು ಸಾಧಿಸಲು, ಹುಸಿಮಾತ್ರೆಗಿಂತ ಮೇಲೆಂದು ತೋರಿಸಿದರೆ ಸಾಲುತ್ತದೆಯೋ, ಇಲ್ಲಿನ ವೈದ್ಯರು ಇಂದು ಬರೆಯುತ್ತಿರುವ ಕ್ವೆಟಿಯಾಪಿನ್, ರಿಸ್ಪೆರಿಡೋನ್‌ಗಳೊಡನೆ ನೇರ ಹೋಲಿಕೆಯೂ ಬೇಕಾಗುತ್ತದೆಯೋ ಎಂಬುದು ನಿಯಂತ್ರಕರ ಮುಂದೆ ಬರಲಿರುವ ಪ್ರಶ್ನೆ. ಮೂರನೆಯ ಹಂತದ ಈ ಪ್ರಯೋಗದಲ್ಲಿ ಆ ನೇರ ಹೋಲಿಕೆ ಇಲ್ಲ.